ಒಂದೇ ಕಿಡ್ನಿ ಹರಳಿನ ಆಪರೇಷನ್‌ಗೆ ಒಬ್ಬರು 68 ಸಾವಿರ, ಇನ್ನೊಬ್ಬರು 1.15 ಲಕ್ಷ ಅಂತಾರ. ಯಾವ್ದು ಖರೇ ಖರ್ಚು?

ಕಾರಟಗಿ_ಭತ್ತ

ನಮಸ್ಕಾರ ರೀ. ನಮ್ಮ ಅಪ್ಪಾರಿಗೆ 58 ವರ್ಷ, ಶುಗರ್ ಐತಿ, ಗುಳಿಗಿ ಮ್ಯಾಲ ಅದಾರ. ಗಂಗಾವತಿಯೊಳಗ ಹೊಟ್ಟಿ ಸ್ಕ್ಯಾನಿಂಗ್ ಆತು, ಆಮ್ಯಾಲ ಬಳ್ಳಾರಿಯೊಳಗ ಸಿಟಿ ಮಾಡಿಸೇವಿ. ರಿಪೋರ್ಟಿನ್ಯಾಗ ಇರೋದು ಇಷ್ಟು: ಎಡ ಕಿಡ್ನಿ ಲೋವರ್ ಪೋಲ್‌ನ್ಯಾಗ (ಕೆಳಗಿನ ಭಾಗ) 14 ಮಿ.ಮೀ. ಹರಳು, ಎಚ್‌ಯು (ಸಿಟಿಯೊಳಗ ಹರಳಿನ ಗಟ್ಟಿತನ ತೋರ್ಸೋ ಅಂಕಿ) 1150. ಎಡ ಮೂತ್ರನಾಳದ ಕೆಳತುದಿಗೆ 7 ಮಿ.ಮೀ.ದ್ದು ಇನ್ನೊಂದು. ಕಿಡ್ನಿ ಸ್ವಲ್ಪ ಬಾತೈತಿ ಅಂತ ಬರದಾರ. ಕ್ರಿಯಾಟಿನಿನ್ (ಕಿಡ್ನಿ ಕೆಲಸ ನೋಡೋ ರಕ್ತ ಪರೀಕ್ಷಾ) 1.3. ಜ್ವರ ಇಲ್ಲ.

ಎರಡು ಖಾಸಗಿ ದವಾಖಾನಿಯೊಳಗ ಕೇಳೇವಿ. ಎರಡೂ ಕಡೆ ಆರ್‌ಐಆರ್‌ಎಸ್ (ಮೂತ್ರದ ದಾರಿಯಿಂದ ಕ್ಯಾಮೆರಾ ಇರೋ ಸಣ್ಣ ಕೊಳವಿ, ಅಂದ್ರ ಸ್ಕೋಪು, ಕಿಡ್ನಿತನಕ ಹಾಕಿ ಲೇಸರಿಂದ ಹರಳು ಒಡಿಯೂದು) ಮಾಡಬೇಕು ಅಂದ್ರು. ಒಬ್ಬರು ಚೀಟಿ ಮ್ಯಾಲ 68,000 ಬರದು ಕೆಳಗ "ಲೇಸರ್, ಸ್ಟೆಂಟ್, ಔಷಧಿ ಬೇರೆ" ಅಂತ ಹಾಕ್ಯಾರ. ಇನ್ನೊಬ್ಬರದು 1,15,000, "ಎಲ್ಲಾ ಸೇರಿ". ಯಾವ್ದು ನಂಬಬೇಕು ತಿಳಿವಲ್ದು. ಹೊರಗಿಂದ್ಲೇ ಶಾಕ್ ಕೊಟ್ಟು ಒಡಸ್ರಿ, ಅಗ್ಗ ಆಗ್ತೈತಿ ಅಂತ ಬೀಗರು ಹೇಳಾಕತ್ಯಾರ. ಬಿಪಿಎಲ್ ಕಾರ್ಡ್ ಐತಿ, ಅಪ್ಪಾರು ಸೊಸೈಟಿ ಮೆಂಬರೂ ಅದಾರ. ತಿಳಿದವರು ಬಿಡಿಸಿ ಹೇಳ್ರಿ.

ಓಟಿ_ಟೇಬಲ್ (ಬಳ್ಳಾರಿ)

ನಿಮ್ಮ ಕೈಯಲ್ಲಿರೋ ಒಂದು ಚೀಟಿ ಬರೀ ಆಪರೇಷನ್ ರೇಟು, ಇನ್ನೊಂದು ಪೂರ್ತಿ ಬಿಲ್ಲು. ಅವೆರಡನ್ನ ಹೋಲಿಸೋಕೆ ಬರಲ್ಲ. 68 ಸಾವಿರ ಹೇಳಿದ ಕಡೆಗೆ ಫೋನ್ ಮಾಡಿ, ಹೊರಗೆ ಉಳಿದ ಸಾಮಾನಿನ ರೇಟು ಒಂದೊಂದಾಗಿ ಕೇಳಿ ಬರ್ಕೊಳ್ಳಿ.

ಸರ್ಜನ್ ಫೀ, ಅರಿವಳಿಕೆ ಡಾಕ್ಟರ್ ಫೀ, ಓಟಿ ಚಾರ್ಜು, ಬೆಡ್ಡು ಸಾಮಾನ್ಯವಾಗಿ ಪ್ಯಾಕೇಜಿನ ಒಳಗೇ ಬರುತ್ತವೆ. ಹೊರಗೆ ಬೀಳೋದು ಲೇಸರ್. ಎಷ್ಟೋ ಕಡೆ ಮಷೀನ್ ಆಸ್ಪತ್ರೆಯದ್ದಲ್ಲ, ಕೇಸಿನ ದಿನ ಬಾಡಿಗೆಗೆ ತರಿಸ್ತಾರೆ, ಆ ಬಾಡಿಗೆ ನಿಮ್ಮ ಬಿಲ್ಲಿಗೆ ಬರುತ್ತೆ. ಎರಡನೇದು ಅಕ್ಸೆಸ್ ಶೀತ್, ಅಂದ್ರೆ ಸ್ಕೋಪು ಹೋಗಿಬರೋಕೆ ಮೂತ್ರನಾಳದಲ್ಲಿ ಕೂರಿಸೋ ಕೊಳವೆ. ಮೂರನೇದು ಬಾಸ್ಕೆಟ್, ಹರಳಿನ ಚೂರು ಹಿಡಿಯೋ ಸಣ್ಣ ತಂತಿಬಲೆ. ಆಮೇಲೆ ಗೈಡ್‌ವೈರ್ ಅನ್ನೋ ದಾರಿ ತೋರಿಸೋ ತಂತಿ, ಡಿಜೆ ಸ್ಟೆಂಟ್ ಅಂದ್ರೆ ಕಿಡ್ನಿಯಿಂದ ಮೂತ್ರಚೀಲದವರೆಗೆ ಕೆಲವು ದಿನ ಇಡೋ ನಳಿಕೆ. ಇವೆಲ್ಲ ಒಂದೊಂದು ಕೇಸಿಗೆ ಹೊಸದಾಗಿ ಒಡೆಯೋ ಪ್ಯಾಕೆಟ್‌ಗಳು. ಫಾರ್ಮಸಿಯಿಂದ ತರಿಸಿದ್ರೆ ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುತ್ತೆ, ಬಿಲ್ಲಿನಲ್ಲಿ ಬಿದ್ದ ರೇಟಿಗೂ ಅದಕ್ಕೂ ತಾಳೆ ನೋಡಿ.

ಆರ್‌ಐಆರ್‌ಎಸ್ ಯಾಕೆ ದುಬಾರಿ ಅನ್ನೋದಕ್ಕೆ ಮುಖ್ಯ ಕಾರಣ ಫ್ಲೆಕ್ಸಿಬಲ್ ಸ್ಕೋಪು. ಎರಡೂವರೆಯಿಂದ ಮೂರು ಮಿ.ಮೀ. ದಪ್ಪ, ತುದಿ ಪೂರ್ತಿ ಹಿಂದಕ್ಕೆ ಬಾಗುತ್ತೆ. ನಿಮ್ಮ ಅಪ್ಪನ ಹರಳು ಲೋವರ್ ಪೋಲ್‌ನಲ್ಲಿದೆ, ಅಂದ್ರೆ ಸ್ಕೋಪು ಮೇಲೆ ಹತ್ತಿ, ಬಾಗಿ, ಮತ್ತೆ ಕೆಳಕ್ಕೆ ನೋಡಬೇಕು. ಒಳಗೆ ಲೇಸರ್ ಫೈಬರ್ ಹಾಕಿದ ಕೂಡಲೇ ಬಾಗೋದು ಕಡಿಮೆಯಾಗುತ್ತೆ. ಬಾಗಿದ ಸ್ಕೋಪಿನೊಳಗೆ ಫೈಬರ್ ತುಂಡಾಗಿ ಲೇಸರ್ ಹೊಡೆದ್ರೆ ಸ್ಕೋಪೇ ಹೋಯ್ತು. ಅದಕ್ಕೇ ಲೋವರ್ ಪೋಲ್ ಹರಳನ್ನ ಬಾಸ್ಕೆಟ್‌ನಲ್ಲಿ ಹಿಡಿದು ಮೇಲಿನ ಕೋಣೆಗೆ ಸರಿಸಿ ಅಲ್ಲಿ ಪುಡಿ ಮಾಡ್ತಾರೆ. ಕೆಲವು ಕಡೆ ಒಂದೇ ಸಲ ಬಳಸಿ ಎಸೆಯೋ ಸ್ಕೋಪು ತೆಗೀತಾರೆ. ಎಸೆಯೋ ಸ್ಕೋಪಾದ್ರೆ ಅದರ ಬೆಲೆ ಪೂರ್ತಿ ನಿಮ್ಮ ಮೇಲೇ, ಹಾಗಾಗಿ ಯಾವುದು ಅಂತ ಮೊದಲೇ ಕೇಳಿ.

ಇನ್ನೊಂದು ಪ್ರಶ್ನೆ ಇದೆ, ಅದನ್ನ ಯಾರೂ ಕೇಳಲ್ಲ, ಬಿಲ್ಲು ದುಪ್ಪಟ್ಟಾಗೋದು ಅಲ್ಲೇ: "ನಾಳ ಸಣ್ಣದಿದ್ದು ಸ್ಕೋಪು ಹೋಗದಿದ್ರೆ ಎರಡನೇ ಸಿಟಿಂಗಿಗೆ ಎಷ್ಟು?" ದೊಡ್ಡವರ ಮೂತ್ರನಾಳ ಸುಮಾರು 3-4 ಮಿ.ಮೀ. ಅಗಲ. ಶೀತ್ ಮೇಲೆ 12/14 ಅಂತ ಬರೆದಿದ್ರೆ ಒಳ ಅಳತೆ 12 ಫ್ರೆಂಚ್, ಹೊರ ಅಳತೆ 14. ಮೂರು ಫ್ರೆಂಚ್ ಅಂದ್ರೆ ಒಂದು ಮಿ.ಮೀ., ಹಾಗಾಗಿ ಹೊರಗಿನ ಅಗಲ 4.7 ಮಿ.ಮೀ. ಆಯ್ತು. ಬಿಗಿ ಇದ್ದಾಗ ದೂಡಿದ್ರೆ ನಾಳ ಸೀಳುತ್ತೆ, ಮುಂದೆ ಅಲ್ಲೇ ಗಾಯ ಮಾಗಿ ನಾಳ ಕಟ್ಟಬಹುದು. ಒಳ್ಳೆ ಸರ್ಜನ್ ದೂಡಲ್ಲ. ಬರೀ ಸ್ಟೆಂಟ್ ಹಾಕಿ ಹೊರಗೆ ಬರ್ತಾರೆ. ಒಂದೆರಡು ವಾರದಲ್ಲಿ ಸ್ಟೆಂಟ್ ಸುತ್ತ ನಾಳ ತಾನೇ ಸಡಿಲಾಗುತ್ತೆ, ಆಮೇಲೆ ಮತ್ತೆ ಕರೆದು ಹರಳು ತೆಗೀತಾರೆ. ಇದು ತಪ್ಪಲ್ಲ, ಸರಿಯಾದ ಕ್ರಮ. ಆದ್ರೆ ಅರಿವಳಿಕೆ, ಓಟಿ, ಲೇಸರ್ ಬಾಡಿಗೆ ಮತ್ತೊಮ್ಮೆ ಬೀಳುತ್ತೆ. ಅದರ ರೇಟು ಚೀಟಿಯಲ್ಲಿ ಇರಬೇಕು.

ಯುರೋ_ರಾಯಚೂರು

ಬಿಲ್ಲಿನ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಹರಳಿನ ಬಗ್ಗೆ ಹೇಳ್ತೀನಿ.

ನಿಮ್ಮ ಬೀಗರು ಹೇಳೋದು ಇಎಸ್‌ಡಬ್ಲ್ಯುಎಲ್. ಹೊರಗಿಂದ ಅಲೆ ಕೊಟ್ಟು ಒಡೆಯೋದು, ಒಳಗೆ ಏನೂ ಹಾಕಲ್ಲ. ಕಿಡ್ನಿಯ ನಡುಭಾಗದ, ಮೆತ್ತಗಿನ, ಒಂದು ಸೆಂ.ಮೀ. ಆಸುಪಾಸಿನ ಹರಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ನಿಮ್ಮದಕ್ಕೆ ಎರಡು ಅಡ್ಡಿ. ಎಚ್‌ಯು 1000 ದಾಟಿದೆ ಅಂದ್ರೆ ಗಟ್ಟಿ ಹರಳು, ಒಂದೇ ಸಿಟಿಂಗಿಗೆ ಒಡೆಯೋದು ಕಷ್ಟ. ಒಡೆದರೂ ಲೋವರ್ ಪೋಲ್ ಅನ್ನೋದು ಬಾವಿಯ ತಳ ಇದ್ದ ಹಾಗೆ, ಚೂರುಗಳು ಮೇಲೆ ಹತ್ತಿ ಹೊರಗೆ ಬರಬೇಕು. ಜೊತೆಗೆ ನಾಳದ ಕೆಳಗೆ 7 ಮಿ.ಮೀ. ಕಲ್ಲು ದಾರಿಗೆ ಅಡ್ಡ ಕೂತಿದೆ, ಅದರ ಹಿಂದೆ ಚೂರು ಸಾಲುಗಟ್ಟಿ ನಿಲ್ಲಬಹುದು. ಮೂರು ಸಿಟಿಂಗ್ ಆಗಿ ಕೊನೆಗೆ ಸ್ಕೋಪಿಗೇ ಬಂದ್ರೆ ಅಗ್ಗ ಅನ್ನೋ ಮಾತೇ ಉಳಿಯಲ್ಲ.

ಆದ್ರೆ ಆರ್‌ಐಆರ್‌ಎಸ್ ಒಂದೇ ದಾರಿ ಅಂತಲೂ ಅಲ್ಲ. 14 ಮಿ.ಮೀ. ಲೋವರ್ ಪೋಲ್ ಹರಳಿಗೆ ಮಿನಿ ಪಿಸಿಎನ್‌ಎಲ್ ಆಗುತ್ತಾ ಅಂತ ಎರಡೂ ಕಡೆ ಕೇಳಿ. ಬೆನ್ನಿನಿಂದ ಐದಾರು ಮಿ.ಮೀ. ದಾರಿ ಮಾಡಿ ಹರಳಿಗೆ ನೇರವಾಗಿ ಹೋಗ್ತಾರೆ. ದುಬಾರಿ ಫ್ಲೆಕ್ಸಿಬಲ್ ಸ್ಕೋಪು ಬೇಕಿಲ್ಲ, ಹಾಗಾಗಿ ಸಾಮಾನ್ಯವಾಗಿ ಖರ್ಚು ಕಡಿಮೆ. ಈ ಜಾಗದ ಹರಳು ಒಂದೇ ಸಲಕ್ಕೆ ಪೂರ್ತಿ ಬರೋ ಸಾಧ್ಯತೆಯೂ ಹೆಚ್ಚು. ಬದಲಿಗೆ ಎರಡು ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕು, ರಕ್ತಸ್ರಾವದ ಅಪಾಯ ಆರ್‌ಐಆರ್‌ಎಸ್‌ಗಿಂತ ಜಾಸ್ತಿ. ಅಪರೂಪಕ್ಕೆ ಮನೆಗೆ ಹೋದ ಒಂದೆರಡು ವಾರಕ್ಕೆ ಮೂತ್ರದಲ್ಲಿ ಕೆಂಪಗೆ ಗಡ್ಡೆಗಡ್ಡೆಯಾಗಿ ರಕ್ತ ಬರುತ್ತೆ. ಆಗ ರಕ್ತನಾಳದೊಳಗಿಂದ ಹೋಗಿ ಮುಚ್ಚಬೇಕಾಗುತ್ತೆ, ಅದಕ್ಕೆ ಎಂಬೊಲೈಸೇಷನ್ ಅಂತಾರೆ. ಆ ಸೌಲಭ್ಯ ಅದೇ ಆಸ್ಪತ್ರೆಯಲ್ಲಿ ಇದೆಯೋ, ಇಲ್ಲದಿದ್ರೆ ಎಲ್ಲಿಗೆ ಕಳಿಸ್ತಾರೋ ಕೇಳಿಟ್ಟುಕೊಳ್ಳಿ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಗುಳಿಗೆ ನಡೀತಿದ್ರೆ ಮೊದಲ ದಿನವೇ ಹೇಳಬೇಕು.

ನಾಳದ 7 ಮಿ.ಮೀ. ಕಲ್ಲಿಗೆ ಸಾದಾ ಯುಆರ್‌ಎಸ್ (ಬಾಗದ ಸ್ಕೋಪನ್ನ ನಾಳದೊಳಗೆ ಹಾಕಿ ಹರಳು ತೆಗೆಯೋದು) ಸಾಕು. ಅದೇ ಅರಿವಳಿಕೆಯಲ್ಲಿ ಎರಡನ್ನೂ ಮುಗಿಸ್ತಾರಾ, ಚೀಟಿಯ ಮೊತ್ತ ಎರಡೂ ಹರಳಿಗೆ ಸೇರಿದ್ದಾ? ಇದನ್ನ ಬರವಣಿಗೆಯಲ್ಲಿ ತಗೊಳ್ಳಿ.

ಎಲ್ಲಕ್ಕಿಂತ ಮುಂಚೆ ಯೂರಿನ್ ಕಲ್ಚರ್ (ಮೂತ್ರದಲ್ಲಿ ಸೋಂಕು ಇದೆಯಾ ನೋಡೋ ಪರೀಕ್ಷೆ) ಮಾಡಿಸಿ. ರಿಪೋರ್ಟ್ ಬರೋಕೆ ಎರಡು ಮೂರು ದಿನ ಬೇಕು. ಶುಗರ್ ಇರೋರಲ್ಲಿ ಜ್ವರ ಇಲ್ಲದೆಯೂ ಸೋಂಕು ಕೂತಿರುತ್ತೆ. ಸೋಂಕಿನ ಮೂತ್ರದಲ್ಲಿ ಹರಳು ಒಡೆದ್ರೆ ಒಳಗೆ ಬಿಡೋ ಸಲೈನ್ ಒತ್ತಡಕ್ಕೆ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತೆ. ಅಲ್ಲಿಂದ ಐಸಿಯು, ಮೇಲ್ದರ್ಜೆ ಆಂಟಿಬಯೋಟಿಕ್. ಯಾವ ಪ್ಯಾಕೇಜಿನಲ್ಲೂ ಅದು ಸೇರಿರಲ್ಲ. ಕೆಲವು ನೂರು ರೂಪಾಯಿಯ ಪರೀಕ್ಷೆ ಬಿಟ್ಟು ಆ ಹಂತಕ್ಕೆ ಹೋಗಬಾರದು. ಶುಗರ್ ಗುಳಿಗೆಯಲ್ಲಿ ಹೆಸರಿನ ಕೊನೆಗೆ "ಗ್ಲಿಫ್ಲೋಜಿನ್" ಅಂತ ಇದ್ರೆ (ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್) ಅರಿವಳಿಕೆ ಡಾಕ್ಟರಿಗೆ ತೋರಿಸಿ. ಅದನ್ನ ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಆದ್ರೆ ಹೇಳದೆ ಉಳಿದ್ರೆ ಆಪರೇಷನ್ ದಿನ ಬೆಳಿಗ್ಗೆ ಕೇಸು ರದ್ದಾಗುತ್ತೆ.

ಈ ನಡುವೆ ಚಳಿ ಜ್ವರ ಬಂದ್ರೆ ಅಥವಾ ಮೂತ್ರ ಪೂರ್ತಿ ನಿಂತ್ರೆ ರೇಟು ಹೋಲಿಸ್ತಾ ಕೂರೋದಲ್ಲ, ಅದೇ ರಾತ್ರಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಸ್ಟೆಂಟ್ ಹಾಕಿ ಅಥವಾ ಬೆನ್ನಿನಿಂದ ನಳಿಕೆ ಹಾಕಿ ಕಿಡ್ನಿಯಲ್ಲಿ ಕಟ್ಟಿದ ಮೂತ್ರ ಇಳಿಸ್ತಾರೆ. ಹರಳಿನ ಕೆಲಸ ಸೋಂಕು ಇಳಿದ ಮೇಲೆ.

ಕೊಪ್ಪಳ_ಮಿತ್ರ

ಬಿಪಿಎಲ್ ಕಾರ್ಡ್ ಇಟ್ಕೊಂಡು 68 ಸಾವಿರ, 1.15 ಲಕ್ಷದ ಲೆಕ್ಕ ಯಾಕ ರೀ? ಮೊದ್ಲು ಆ ಕಾರ್ಡಿನ ಕೆಲಸ ಮಾಡ್ರಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೊಳಗ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ನಗದಿಲ್ಲದ ಚಿಕಿತ್ಸೆ ಐತಿ. ಎಪಿಎಲ್ ಆದ್ರ ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡ್ತದ, ವರ್ಷದ ಮಿತಿ 1.5 ಲಕ್ಷ. ಉಳಿದದ್ದು ನೀವು ಕಟ್ಟಬೇಕು, ಆದ್ರ ಲೆಕ್ಕ ಹಿಡಿಯೋದು ಯೋಜನೆಯ ದರದ ಮ್ಯಾಲ.

ಜನ ಎಡವೋದು ಒಂದೇ ಕಡೆ. ನೇರ ಖಾಸಗಿ ದವಾಖಾನಿಗೆ ಹೋಗಿ ಅಡ್ಮಿಟ್ ಆಗಿ, ಆಮ್ಯಾಲ ಕಾರ್ಡ್ ತೆಗೀತಾರ. ತುರ್ತು ಅಲ್ಲದ ಕೇಸಿಗೆ ಮೊದ್ಲು ಸರ್ಕಾರಿ ಆಸ್ಪತ್ರಿ ರೆಫರಲ್ ಬೇಕು. ನಿಮ್ಮ ದಾರಿ ಹಿಂಗ: ರೇಷನ್ ಕಾರ್ಡ್, ಆಧಾರ್, ಸಿಟಿ ರಿಪೋರ್ಟ್ ಜೊತಿ ಫಿಲ್ಮು ತಗೊಂಡು ಕೊಪ್ಪಳದ ಕಿಮ್ಸ್ ಬೋಧಕ ಆಸ್ಪತ್ರಿಗೆ ಇಲ್ಲಾ ಬಳ್ಳಾರಿಯ ಬಿಎಂಸಿಆರ್‌ಸಿಗೆ ಹೋಗ್ರಿ (ಆಟೋದವರಿಗೆ ಈಗ್ಲೂ ವಿಮ್ಸ್ ಅಂದ್ರನ ತಿಳಿಯೋದು). ಹೋಗೂದಕ್ಕಿಂತ ಮೊದ್ಲು ಯುರಾಲಜಿ ಓಪಿಡಿ ಯಾವ ದಿನ ಅಂತ ಫೋನಿನ್ಯಾಗ ಕೇಳ್ರಿ, ಸುಮ್ಮ ಬಸ್ ಚಾರ್ಜ್ ದಂಡ ಆಗೂದು ಬ್ಯಾಡ. ಅಲ್ಲಿ ಡಾಕ್ಟರ್ ನೋಡಿ, ಅಲ್ಲೇ ಮಾಡಾಕ ಬಂದ್ರ ಅಲ್ಲೇ ಮಾಡ್ತಾರ. ಇಲ್ಲಾಂದ್ರ ರೆಫರ್ ಮಾಡ್ತಾರ. ರೆಫರಲ್ ಆದ ಮ್ಯಾಲ ಯೋಜನೆಯೊಳಗ ನೋಂದಣಿ ಆದ ಯಾವ ದವಾಖಾನಿ ಅಂತ ನೀವೇ ಆರಿಸಬೌದು. ರಾಯಚೂರು ಕಡೆಯವರಿಗೆ ರಿಮ್ಸ್, ಒಪೆಕ್ ಸರ್ಕಾರಿ ಆಸ್ಪತ್ರಿ ಅದಾವ. ಬೆಂಗಳೂರಿನ ವಿಕ್ಟೋರಿಯಾ ಆವರಣದಾಗ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಐತಿ, ಕೇಸು ತೊಡಕಿದ್ರ ಅಲ್ಲಿಗೂ ಹೋಗಬೌದು.

ದವಾಖಾನಿಯೊಳಗ ಆರೋಗ್ಯ ಮಿತ್ರ ಅಂತ ಕೌಂಟರ್ ಇರ್ತದ. ಅಲ್ಲಿ ಕೇಳಬೇಕಾದ್ದು: ಯಾವ ಕೋಡ್‌ಗೆ ಅನುಮತಿ ಹಾಕ್ತೀರಿ? ಯೋಜನೆಯೊಳಗ ಒಂದೊಂದು ಚಿಕಿತ್ಸೆಗೆ ಒಂದೊಂದು ಕೋಡ್, ಒಂದೊಂದು ದರ. ಪಿಸಿಎನ್‌ಎಲ್ ಕೋಡ್ ಹಾಕಿ, "ಆರ್‌ಐಆರ್‌ಎಸ್ ಮಾಡ್ತೀವಿ, ಲೇಸರ್ ದುಡ್ಡು ನೀವು ಕೊಡ್ರಿ" ಅಂದ್ರ ಒಪ್ಪಬ್ಯಾಡ್ರಿ. ಬಿಪಿಎಲ್ ರೋಗಿ ಕಡಿಂದ ಪ್ಯಾಕೇಜ್ ಮ್ಯಾಲ ದುಡ್ಡು ತಗೊಳ್ಳಾಕ ಬರಂಗಿಲ್ಲ. ತಪಾಸಣಿ, ಔಷಧಿ, ಸ್ಟೆಂಟ್ ಎಲ್ಲಾ ಅದರೊಳಗೇ. ಕೇಳಿದ್ರ ರಸೀದಿ ಇಟ್ಕೊಂಡು 104ಕ್ಕ ಇಲ್ಲಾ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ 1800 425 8330ಕ್ಕ ಫೋನ್ ಹಚ್ರಿ, ಡಿಸ್ಚಾರ್ಜ್ ಆಗೂದಕ್ಕಿಂತ ಮೊದ್ಲೇ ಹಚ್ರಿ.

ರೇಷನ್ ಕಾರ್ಡಿನ್ಯಾಗ, ಆಧಾರಿನ್ಯಾಗ ಅಪ್ಪಾರ ಹೆಸರು ಒಂದೇ ನಮೂನಿ ಐತೇನು ಇವತ್ತೇ ನೋಡ್ಕೋರಿ. ಒಂದ್ರಾಗ "ಬಸಪ್ಪ", ಇನ್ನೊಂದ್ರಾಗ "ಬಸವರಾಜಪ್ಪ" ಇದ್ರ ಕಂಪ್ಯೂಟರ್ ಮುಂದ ಅಲ್ಲೇ ನಿಂದರ್ತದ.

ಸೊಸೈಟಿ ಮೆಂಬರ್ ಅಂದ್ರಿ. ಅದಕ್ಕ ಯಶಸ್ವಿನಿ ಐತಿ, ಸಹಕಾರಿ ಸೊಸೈಟಿ ಮೆಂಬರಿಗೆ ಇರೋ ಆರೋಗ್ಯ ಯೋಜನೆ. ಗ್ರಾಮೀಣ ಕುಟುಂಬದ ನಾಲ್ಕು ಮಂದಿಗೆ ವರ್ಷಕ್ಕ 500 ರೂಪಾಯಿ, ಮಿತಿ 5 ಲಕ್ಷ. ಆದ್ರ ಬರೀ ಮೆಂಬರ್ ಇದ್ರ ಸಾಲಂಗಿಲ್ಲ, ಆ ವರ್ಷದ ವಂತಿಗಿ ನೋಂದಣಿ ಅವಧಿಯೊಳಗ ಕಟ್ಟಿರಬೇಕು. ಸೊಸೈಟಿ ಕಾರ್ಯದರ್ಶಿ ಹತ್ರ ರಸೀದಿ ಕೇಳ್ರಿ.

ಕಾರಟಗಿ_ಭತ್ತ

ಭಾಳ ಉಪಕಾರ ಆತು. ಕಾರ್ಡಿನ ಕೆಲಸ ನಾಳೆನ ಶುರು ಮಾಡ್ತೇವಿ, ಹೆಸರು ಎರಡೂ ಕಡೆ ಒಂದೇ ಐತಿ. ಆದ್ರೂ 68 ಸಾವಿರದವರಿಗೆ ಫೋನ್ ಮಾಡಿ ಕೇಳಿದೆ, ಬ್ಯಾರೇರಿಗೆ ಉಪಯೋಗ ಆಗಲಿ ಅಂತ ಹಾಕ್ತೀನಿ: ಲೇಸರ್ 15,000. ಅಕ್ಸೆಸ್ ಶೀತ್ ಮತ್ತು ಬಾಸ್ಕೆಟ್ 11,500. ಸ್ಟೆಂಟ್ 3,500. ಔಷಧಿ, ಸಲೈನ್ ಅಂದಾಜು 9,000. ಆಪರೇಷನ್ ಮೊದಲಿನ ರಕ್ತ ಪರೀಕ್ಷಾ, ಇಸಿಜಿ, ಎಕೋ 5,000. ಸ್ಟೆಂಟ್ ತೆಗಿಯೂದು 6,000. ನಾಳದ ಹರಳು ಅದರೊಳಗೇ ಸೇರೇತಿ ಅಂದ್ರು. ಎರಡನೇ ಸಿಟಿಂಗ್ ಬಂದ್ರ 45,000.

1.15 ಲಕ್ಷದವರು ಸ್ಟೆಂಟ್ ತೆಗಿಯೂದೂ ಸೇರಿ ಅಂದ್ರು, ಎರಡನೇ ಸಿಟಿಂಗ್ ಬಂದ್ರ 25,000 ಅಷ್ಟೇ ಅಂತ.

ಓಟಿ_ಟೇಬಲ್ (ಬಳ್ಳಾರಿ)

ಕೂಡಿಸಿ ನೋಡಿ. 68,000ಕ್ಕೆ ಬೇರೆದವು 50,000 ಸೇರಿ 1,18,000 ಆಯ್ತು. ಅಗ್ಗ ಅಂತ ಕಂಡದ್ದೇ ಮೂರು ಸಾವಿರ ಜಾಸ್ತಿ. ಸ್ಕೋಪು ಹೋಗದೆ ಎರಡನೇ ಸಿಟಿಂಗ್ ಬಂದ್ರೆ ಒಂದು ಕಡೆ 1,63,000, ಇನ್ನೊಂದು ಕಡೆ 1,40,000. ಚೀಟಿ ಕೈಗೆ ಬಂದ ದಿನ ಇದು ಕಾಣಲ್ಲ.

"ಎಲ್ಲಾ ಸೇರಿ" ಅಂದವರ ಹತ್ರವೂ ಒಂದು ಮಾತು ಕೇಳಬೇಕು: ಆಪರೇಷನ್ ಆದ ಮೇಲೆ ಎಕ್ಸ್‌ರೇ ಅಥವಾ ಸ್ಕ್ಯಾನಿನಲ್ಲಿ ದೊಡ್ಡ ಚೂರು ಉಳಿದಿದ್ರೆ ಅದನ್ನ ಯಾವ ಖರ್ಚಿನಲ್ಲಿ ತೆಗೀತೀರಿ? ಎಷ್ಟು ದಿನದ ಬೆಡ್ಡು ಲೆಕ್ಕ ಹಿಡಿದಿದ್ದೀರಿ, ಒಂದು ದಿನ ಹೆಚ್ಚಾದ್ರೆ ಎಷ್ಟು? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (2007ರದ್ದು, 2017ರಲ್ಲಿ ತಿದ್ದುಪಡಿ ಆಯ್ತು) ಪ್ರಕಾರ ದರಪಟ್ಟಿ ಕಾಣೋ ಹಾಗೆ ಹಾಕಬೇಕು. ಬಿಲ್ಲಿನ ತಕರಾರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲಿ ಇದೆ. ಬಾಯಿಮಾತಿನ ರೇಟಿಗೆ ಅಲ್ಲಿ ಬೆಲೆ ಇಲ್ಲ, ಆಸ್ಪತ್ರೆ ಸೀಲಿರೋ ಕಾಗದಕ್ಕೆ ಇದೆ.

ಕ್ಲೇಮ್_ಡೆಸ್ಕ್

ಕಾರಟಗಿಯವರಿಗೆ ಇದು ಬೇಕಾಗಲ್ಲ, ಆದ್ರೆ ತೋರಣಗಲ್ಲು ಕಡೆ ಕಂಪನಿ ಕೆಲಸದವರು, ಸ್ವಂತ ಪಾಲಿಸಿ ಇರೋರು ಓದ್ತಿದ್ರೆ ನಾಲ್ಕು ಮಾತು.

ಸಂಬಳ ತಿಂಗಳಿಗೆ 21,000ದ ಒಳಗಿದ್ರೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುತ್ತೆ, ಮೊದಲು ಇಎಸ್‌ಐ ಡಿಸ್ಪೆನ್ಸರಿಯಿಂದ ರೆಫರಲ್ ತಗೊಳ್ಳಿ. ಸ್ವಂತ ಪಾಲಿಸಿಗಳಲ್ಲಿ ಹರಳಿಗೆ ಸಾಮಾನ್ಯವಾಗಿ ಎರಡು ವರ್ಷದ ಕಾಯುವ ಅವಧಿ ಬರೆದಿರ್ತಾರೆ. ಪಾಲಿಸಿ ಮಾಡಿಸಿದ ತಾರೀಖು ನೋಡಿ, ಕಂಪನಿಯ ಗುಂಪು ಪಾಲಿಸಿಯಲ್ಲಿ ಈ ಷರತ್ತು ಎಷ್ಟೋ ಸಲ ಇರಲ್ಲ.

ಕ್ಲೇಮಿನಲ್ಲಿ ದುಡ್ಡು ಕಳೆಯೋದು ರೂಮಿನಿಂದ. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ 4,000 ಮಿತಿ ಇದ್ದು ನೀವು 6,000ದ ರೂಮು ತಗೊಂಡ್ರೆ ಕಡಿತ ಆಗೋದು ಬರೀ 2,000 ಅಲ್ಲ. ಸರ್ಜನ್ ಫೀ, ಓಟಿ ಚಾರ್ಜು ಎಲ್ಲದರಲ್ಲೂ ಮೂರರಲ್ಲಿ ಒಂದು ಭಾಗ ಹೋಗುತ್ತೆ. ಔಷಧಿ, ಸ್ಟೆಂಟಿನಂಥ ಸಾಧನ, ಲ್ಯಾಬ್ ಪರೀಕ್ಷೆಗೆ ಈ ಅನುಪಾತದ ಕಡಿತ ಮಾಡೋ ಹಾಗಿಲ್ಲ, ಮಾಡಿದ್ರೆ ಲಿಖಿತವಾಗಿ ಆಕ್ಷೇಪಿಸಿ. ಇನ್ನೊಂದು, ಐಸಿಯು ಬಿಟ್ಟು ದಿನಕ್ಕೆ 5,000 ದಾಟಿದ ರೂಮಿಗೆ 2022ರ ಜುಲೈನಿಂದ ಶೇ. 5 ಜಿಎಸ್‌ಟಿ ಇದೆ. ಒಂದು ರಾತ್ರಿಯ ಕೆಲಸಕ್ಕೆ ಟ್ವಿನ್ ಶೇರಿಂಗ್ ಸಾಕು.

ಸ್ಟೆಂಟ್ ತೆಗೆದ ಬಿಲ್ಲು ಬೇರೆ ಬರುತ್ತೆ. ಡಿಸ್ಚಾರ್ಜ್ ಸಾರಾಂಶದಲ್ಲಿ "ಸ್ಟೆಂಟ್ ಹಾಕಿದೆ, ಇಂಥ ದಿನ ತೆಗೆಯಬೇಕು" ಅಂತ ಬರೆಸಿಕೊಳ್ಳಿ, ಆ ಸಾಲಿಲ್ಲದಿದ್ರೆ ಎರಡನೇ ಕ್ಲೇಮಿಗೆ ಪ್ರಶ್ನೆ ಬರುತ್ತೆ.

ಮಸ್ಕಿ_ಮನಿ

ಸಣ್ಣ ಪ್ರಶ್ನೆ. ನಮ್ಮ ಕಡೆ ಬೋರಿನ ನೀರು ಕುಡಿದ್ರ ಹರಳು ಆಗ್ತದ, ಹಾಲು ಬಿಡಬೇಕು, ಟೊಮ್ಯಾಟೊ ಬೀಜ ತಿನಬಾರದು ಅಂತಾರ. ಒಮ್ಮೆ ಇಷ್ಟು ಖರ್ಚು ಮಾಡಿದ ಮ್ಯಾಲ ಮತ್ತ ಬರಬಾರದಲ್ಲ.

ಯುರೋ_ರಾಯಚೂರು

ಗಡಸು ನೀರಿಗಿಂತ ಕಡಿಮೆ ನೀರು ಹೆಚ್ಚು ತೊಂದರೆ ಮಾಡುತ್ತೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಗದ್ದೆಯಲ್ಲಿ, ಗಣಿಯಲ್ಲಿ ಬೆವರು ಹರಿಸಿದವರ ಮೂತ್ರ ಸಂಜೆಗೆ ಕಡು ಹಳದಿಯಾಗಿರುತ್ತೆ, ಹರಳು ಕಟ್ಟೋದು ಅಂಥ ಮೂತ್ರದಲ್ಲಿ. ಎಷ್ಟು ಕುಡಿದ್ರಿ ಅಂತ ಎಣಿಸಬೇಡಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಒಂದು ದಿನ ಹಳೇ ಲೀಟರ್ ಬಾಟಲಿಯಲ್ಲಿ ಅಳೆದು ನೋಡಿ. ಮೇ ತಿಂಗಳಲ್ಲಿ ಹೊಲದ ಕೆಲಸದವರಿಗೆ ಅಷ್ಟು ಬರಬೇಕಾದ್ರೆ ನಾಲ್ಕು ಲೀಟರ್ ಮೇಲೇ ಕುಡಿಯಬೇಕು.

ಹಾಲು, ಮೊಸರು ಬಿಡಬೇಡಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಲ್ಲೇ ಆಕ್ಸಲೇಟನ್ನ ಹಿಡಿದುಬಿಡುತ್ತೆ, ಹಾಲು ಬಿಟ್ರೆ ಆ ಆಕ್ಸಲೇಟ್ ಕಿಡ್ನಿಗೆ ಬರುತ್ತೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಲೆಕ್ಕಕ್ಕೆ ಹಿಡೀರಿ. ಉಪ್ಪು ಹಾಕದ ನಿಂಬೆರಸ ಒಳ್ಳೇದು, ಅದರ ಸಿಟ್ರೇಟ್ ಹರಳು ಕಟ್ಟೋದನ್ನ ತಡೆಯುತ್ತೆ. ಟೊಮ್ಯಾಟೊ ಬೀಜಕ್ಕೂ ಹರಳಿಗೂ ಸಂಬಂಧ ಇಲ್ಲ.

ಆಪರೇಷನ್‌ನಲ್ಲಿ ತೆಗೆದ ಚೂರನ್ನ ಡಬ್ಬಿಯಲ್ಲಿ ಮನೆಗೆ ತರಬೇಡಿ, ಲ್ಯಾಬಿಗೆ ಕಳಿಸಿ. ಯಾವ ಜಾತಿಯ ಹರಳು ಅಂತ ಗೊತ್ತಾದ್ರೆ ಮುಂದಿನ ಔಷಧಿ ಬೇರೆಯಾಗುತ್ತೆ. ಯೂರಿಕ್ ಆಸಿಡ್ ಹರಳಾದ್ರೆ ಮೂತ್ರದ ಹುಳಿ ತಗ್ಗಿಸೋ ಔಷಧಿಯಲ್ಲೇ ಕರಗಿಸಬಹುದು. ಎಚ್‌ಯು 1150 ಅಂದ್ರೆ ಕಾರಟಗಿಯವರದು ಆ ಜಾತಿ ಇರಲಾರದು.

ಕೊನೇದಾಗಿ ಸ್ಟೆಂಟ್. ಎರಡು ಮಿ.ಮೀ. ದಪ್ಪದ ಮೆತ್ತನೆ ನಳಿಕೆ, ಸುಮಾರು 26 ಸೆಂ.ಮೀ. ಉದ್ದ, ಎರಡೂ ತುದಿ ಸುರುಳಿ, ಒಂದು ಕಿಡ್ನಿಯಲ್ಲಿ ಇನ್ನೊಂದು ಮೂತ್ರಚೀಲದಲ್ಲಿ ಕೂರುತ್ತೆ. ಇರೋವರೆಗೆ ಉರಿ, ಪದೇಪದೇ ಹೋಗಬೇಕು ಅನ್ನಿಸೋದು, ಸ್ವಲ್ಪ ರಕ್ತ ಸಾಮಾನ್ಯ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ತೆಗೀತಾರೆ, ಜಾಗ ಮರಗಟ್ಟೋ ಜೆಲ್ ಸಾಕು, ಕೆಲವೇ ನಿಮಿಷದ ಕೆಲಸ. ನೋವು ಹೋಯ್ತು ಅಂತ ಮರೆತು ಮೂರು ತಿಂಗಳು ದಾಟಿಸಿದವರಿಗೆ ಸ್ಟೆಂಟ್ ಮೇಲೆಯೇ ಹರಳು ಬೆಳೆಯಬಹುದು. ಹಾಗಾದ್ರೆ ಎಳೆದ್ರೆ ಬರಲ್ಲ, ಮೇಲೆ ಕೆಳಗೆ ಎರಡೂ ಕಡೆಯಿಂದ ಒಡೆದು ತೆಗೀಬೇಕಾಗಬಹುದು, ಮೊದಲ ಆಪರೇಷನ್‌ಗಿಂತ ಹೆಚ್ಚು ಖರ್ಚಾಗಬಹುದು. ಡಿಸ್ಚಾರ್ಜ್ ದಿನವೇ ಮನೆ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿ, ಮನೆಯ ಇನ್ನೊಬ್ಬರ ಫೋನಿನಲ್ಲೂ ಹಾಕಿಸಿ.

ಕಾರಟಗಿ_ಭತ್ತ

ಯೂರಿನ್ ಕಲ್ಚರಿಗೆ ಇವತ್ತೇ ಕೊಟ್ಟು ಬಂದೇವಿ. ಸೋಮವಾರ ರಿಪೋರ್ಟ್ ಬರ್ತೈತಿ, ಅದನ್ನ ತಗೊಂಡು ಬಳ್ಳಾರಿ ಓಪಿಡಿಗೆ ಹೋಗ್ತೇವಿ. ಮಿನಿ ಪಿಸಿಎನ್‌ಎಲ್ ಕೋಡ್ ಕೇಳಿ ಬಂದು ಇಲ್ಲೇ ಬರೀತೀನಿ.